ಅಸ್ಮತ್ ಕೂಗಿದ ‘ಅಯ್ಯೋ’

ಡಚ್ಚರ ನಾಡಿನ ವೂರ್‌ಬರ್ಗ್‌ನ ಕನ್ನಡದವರ ನಡುವೆ ಬೆಟ್ಟದ ಮಾತು ಬಂದರೆ ಅಸ್ಮತ್ ಅಕ್ಕನ ಹೆಸರು ಬಂದೇ ಬರುತ್ತದೆ. ಬೆಟ್ಟವೇ ಇಲ್ಲದ ದೇಶದಲ್ಲಿ ಜನರಿಗೆ ಬೆಟ್ಟ ಹತ್ತಿಸುವ ಉಸಾಬರಿಯನ್ನು ಮೈಮೇಲೆ ಎಳೆದುಕೊಂಡವಳು ಅವಳೊಬ್ಬಳೇ. ಹಾಳೂರಿಗೆ ಉಳಿದವನೇ ಗೌಡ ಎಂದು ಅವಳ ಗಂಡ ಅಕ್ಬರ್ ಚುಡಾಯಿಸುವುದುಂಟು. ಚಿತ್ರದುರ್ಗದವಳು. ಕೋಟೆಯ ಬಂಡೆಗಳ ಮೇಲೆ ಬರಿಗಾಲಲ್ಲಿ ಓಡಾಡಿ ಬೆಳೆದವಳಿಗೆ ಚಾಪೆ ಹಾಸಿದಂಥ ಈ ನೆಲದ ಮೇಲೆ ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಕಾಲು ಜಡ್ಡುಗಟ್ಟಿದಂತಾಗಿತ್ತು. ದೇಶದ ದಕ್ಷಿಣದ ತುದಿಯ ಲಿಂಬರ್ಗ್‌ನಲ್ಲಿ ಮುನ್ನೂರಿಪ್ಪತ್ತೆರಡು ಮೀಟರಿನ ಒಂದು ದಿಬ್ಬವಿದೆ, ಅದನ್ನು ಇಲ್ಲಿನವರು ಪರ್ವತ ಎಂದೇ ಕರೆಯುತ್ತಾರೆ ಎಂದು ಗೊತ್ತಾದ ದಿನ ಅವಳು ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಮುಂದಿನ ಭಾನುವಾರ ಅಲ್ಲಿಗೇ ಹೋದಳು.

ಆಮೇಲೆ ಒಬ್ಬೊಬ್ಬರಾಗಿ ಜನ ಸೇರಿದರು. ಲಿಂಬರ್ಗ್‌ನ ಗುಡ್ಡಗಳು, ಗಡಿ ದಾಟಿದರೆ ಜರ್ಮನಿಯ ಐಫೆಲ್, ಬೆಲ್ಜಿಯಮ್ಮಿನ ಆರ್ಡೆನ್. ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರುವಂಥ ಏರುಗಳು. ಹವಾಮಾನವಂತೂ ಇಲ್ಲಿ ಗಳಿಗೆಗೊಂದು ಬಣ್ಣ. ಯಾರಾದರೂ ಮೋಡ ನೋಡಿ ಹಿಂದೇಟು ಹಾಕಿದರೆ, “ನೀವೇನು ಸಂಕ್ರಾಂತಿ ಸಕ್ಕರೆ ಅಚ್ಚಾ, ನೀರು ಬಿದ್ರೆ ಕರಗೋಕೆ?” ಎಂದು ಅಸ್ಮತ್ ಮೂದಲಿಸುತ್ತಿದ್ದಳು. ಮಳೆ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಶುರು, ಎಷ್ಟಕ್ಕೆ ಮುಕ್ತಾಯ ಎಂದು ಹೇಳುವ ಆ್ಯಪ್ ಈ ದೇಶದಲ್ಲಿ ಎಲ್ಲರ ಫೋನಿನಲ್ಲೂ ಇರುತ್ತದೆ. ನಮ್ಮ ಕಡೆ ಪಂಚಾಂಗ ನಂಬುವ ಹಾಗೆ ಇಲ್ಲಿ ಅದನ್ನು ನಂಬುತ್ತಾರೆ. ಅಸ್ಮತ್ ಇನ್ನೂ ಒಂದು ಕೈ ಮೇಲೆ.

ಅವಳ ತಂಡಕ್ಕೊಂದು ನಿಯಮವಿತ್ತು: ಯಾರಿಗೂ ಕಾಯುವುದಿಲ್ಲ. ಅದರ ಹಿಂದೊಂದು ಕಥೆಯಿದೆ. ಕುಡಿಯುವ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಅವಳ ಜೊತೆ ಕೆಲಸ ಮಾಡುವ ಮರೈಕೆ ಎಂಬ ಡಚ್ ಹೆಂಗಸು ಮೊದಲ ಸಲ ನಡೆಯಲು ಬಂದ ದಿನ, ನಮ್ಮವರು ಸ್ಟೇಷನ್ನಿಗೆ ಬಂದದ್ದು ಐವತ್ತು ನಿಮಿಷ ತಡವಾಗಿ. ಒಬ್ಬರಂತೂ ಉಪ್ಪಿನಕಾಯಿ ಮರೆತೆನೆಂದು ಅರ್ಧ ದಾರಿಯಿಂದ ಮನೆಗೆ ಹೋಗಿ ಬಂದಿದ್ದರು. ಮರೈಕೆ ನಕ್ಕಳು, ಅಷ್ಟೆ. ಆ ನಗು ಅಸ್ಮತ್‌ಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ‘ನಮ್ಮ ಜನವೇ ಹೀಗೆ’ ಎಂದು ಇವರು ಅಂದುಕೊಳ್ಳಬಾರದು ಎಂಬ ಹಟ ಅಂದಿನಿಂದ ಅವಳನ್ನು ಹಿಡಿದದ್ದು ಬಿಡಲಿಲ್ಲ. ನಿಜ ಹೇಳಬೇಕೆಂದರೆ, ಅವಳಿಗೆ ತನ್ನವರ ಬಗ್ಗೆ ನಾಚಿಕೆಯಿತ್ತು. ಅದಕ್ಕೆ ಶಿಸ್ತು ಎಂದು ಹೆಸರಿಟ್ಟುಕೊಂಡಿದ್ದಳು.

ಕಳೆದ ಸೆಪ್ಟೆಂಬರಿನಲ್ಲಿ ಶ್ರಾವ್ಯ ಫೋನ್ ಮಾಡಿದಳು. ಗ್ರೋನಿಂಗನ್ ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುವ ಹುಡುಗಿ, ಚಳ್ಳಕೆರೆಯವಳು. “ಅಸ್ಮತ್ ಅಕ್ಕ, ಅಮ್ಮ ಬಂದು ಎರಡು ತಿಂಗಳಾಯ್ತು, ನಾನು ಲ್ಯಾಬ್ ಬಿಟ್ಟು ಅಲ್ಲಾಡೋಕೇ ಆಗ್ತಿಲ್ಲ. ಒಂದು ವೀಕೆಂಡ್ ನಿಮ್ಮ ಜೊತೆ ಕರ್ಕೊಂಡು ಹೋಗ್ತೀರಾ? ನಿಮ್ಮ ಕೈಗೆ ಒಪ್ಪಿಸಿದ್ರೆ ನನಗೆ ಟೆನ್ಷನ್ ಇರಲ್ಲ,” ಎಂದಳು. ಅಸ್ಮತ್ ಹಿಗ್ಗಿಹೋದಳು. ನಮ್ಮ ಜಿಲ್ಲೆಯವರು ಬೇರೆ!

ಶ್ರಾವ್ಯಳ ಅಮ್ಮ ನಾಗಮಣಿಗೆ ಅರವತ್ತಾರು. ಮೂವತ್ತು ವರ್ಷ ಅಂಗನವಾಡಿ ನಡೆಸಿದವರು, ಸಕ್ಕರೆ ಕಾಯಿಲೆಯವರು. ಶನಿವಾರವೇ ಅಸ್ಮತ್‌ಳ ಮನೆಗೆ ಬಂದು ಉಳಿದಿದ್ದರು. ಮಗಳ ಬೂಟು ಒಂದು ಸೈಜು ದೊಡ್ಡದೆಂದು ಎರಡು ಜೊತೆ ಕಾಲುಚೀಲ ಹಾಕಿಕೊಂಡು, ಅಸ್ಮತ್ ಕೊಟ್ಟ ಹಳದಿ ರೇನ್‌ಕೋಟು ತೊಟ್ಟು ಭಾನುವಾರ ಹೊರಟು ನಿಂತಾಗ ಕನ್ನಡಿಯ ಮುಂದೆ ತಾವೇ ನಕ್ಕರು. ಅವರ ಬುತ್ತಿ, ಮಾತ್ರೆ ಎಲ್ಲವನ್ನೂ ಅಸ್ಮತ್ ತನ್ನ ಬ್ಯಾಗಿಗೆ ಹಾಕಿಕೊಂಡಳು. ಭಾರ ಯಾಕೆ ಹೊರಬೇಕು ಪಾಪ ಎಂದು ಮಾಡಿದ್ದು. ಹಿಂದಿನ ರಾತ್ರಿಯೇ ಬರೆದಿಟ್ಟ ಹನ್ನೊಂದು ಜನರ ಪಟ್ಟಿಯಲ್ಲಿ ನಾಗಮಣಿಯವರ ಹೆಸರು ಮಾತ್ರ ಸೇರಲಿಲ್ಲ. ಮನೆಯಲ್ಲೇ ಇರುವವರನ್ನು ಯಾರು ಬರೆದಿಟ್ಟುಕೊಳ್ಳುತ್ತಾರೆ?

ಲಿಂಬರ್ಗ್‌ನ ಆ ಗುಡ್ಡದ ದಾರಿ ಎರಡು ಮಣ್ಣಿನ ಗೋಡೆಗಳ ನಡುವೆ ಓಣಿಯಂತೆ ಏರುತ್ತದೆ. ನಾಗಮಣಿ ನಿಧಾನ. ದನ ಕಂಡರೆ ನಿಲ್ಲುವರು, ಬೇಲಿಯ ಸೇಬು ಕಂಡರೆ ನಿಲ್ಲುವರು, ಮಂಡಿ ಹಿಡಿದರೂ ನಿಲ್ಲುವರು. ಅಂದು ಮರೈಕೆಯೂ ಬಂದಿದ್ದಳು. ಒಂದು ಸಲ ಅವಳು ಗಡಿಯಾರ ನೋಡಿಕೊಂಡದ್ದು ಅಸ್ಮತ್‌ಳ ಕಣ್ಣಿಗೆ ಬಿತ್ತು. ಅಷ್ಟು ಸಾಕಾಯಿತು. ಓಣಿ ಮುಗಿದು ಹುಲ್ಲುಗಾವಲು ಶುರುವಾಗುವಲ್ಲಿ ಒಂದು ಬೆಂಚಿತ್ತು. ಬಹುತೇಕರು ಅದನ್ನು ದಾಟಿ ಮುಂದೆ ಹೋಗಿಬಿಟ್ಟಿದ್ದರು.

“ಆಂಟಿ, ನೀವು ಇಲ್ಲೇ ಕೂತಿರಿ. ನಲವತ್ತು ನಿಮಿಷಕ್ಕೆ ಇದೇ ದಾರೀಲಿ ವಾಪಸ್ ಬರ್ತೀವಿ.”

“ನಿಧಾನಕ್ಕೆ ಬರ್ತೀನಿ ಕಣವ್ವ. ಮೇಲಕ್ಕೆ ಹೋಗಿ ನೋಡೋ ಆಸೆ ನಂಗೂ ಐತೆ.”

“ಬೇಡ ಆಂಟಿ, ಎಲ್ಲರಿಗೂ ಲೇಟ್ ಆಗುತ್ತೆ.”

ನಾಗಮಣಿ ಕೂತರು. ಆಗ ಸರಿಯಾಗಿ ಒಂದು ಗಂಟೆ. ಮಳೆ ಎರಡು ನಲವತ್ತಕ್ಕೆ ಎಂದು ಫೋನು ಹೇಳಿತ್ತು.

ಬಯಲು ಸೀಮೆಯ ಆ ಪಂಚಾಂಗ ಗುಡ್ಡದ ಮೇಲೆ ನಡೆಯಲಿಲ್ಲ. ತಂಡ ತುದಿ ಮುಟ್ಟಿ ಹತ್ತು ನಿಮಿಷವಾಗಿರಲಿಲ್ಲ, ಹಿಂದಿನ ಕಣಿವೆಯಿಂದ ಮೋಡ ಎದ್ದು ಬಂದು ಸುರಿಯತೊಡಗಿತು. ಗುಡುಗು ಬೇರೆ. ಆಚೆ ಬದಿಯಿಂದ ಟಾರು ರಸ್ತೆಯಿದೆ, ಅಲ್ಲಿಂದ ಇಳಿದರೆ ಬಸ್ ಸ್ಟಾಪ್, ಬಸ್ಸು ಗಂಟೆಗೊಂದೇ ಎಂದು ಮರೈಕೆ ಹೇಳಿದ್ದೇ ತಡ, ಎಲ್ಲರೂ ಆ ಕಡೆ ದೌಡಾಯಿಸಿದರು. ಕೊನೆಯವಳಾಗಿ ಉಳಿದ ಅಸ್ಮತ್ ಒಮ್ಮೆ ಹಿಂತಿರುಗಿ ಬಂದ ದಾರಿಯನ್ನು ನೋಡಿದಳು.

ಕೆಳಗೆ ಬೆಂಚು ಕಂಡಿತು. ಬೆಂಚಿನ ಮೇಲೆ ಹಳದಿ ಕೋಟು ಕಂಡಿತು. ಅದು ಎದ್ದು ನಿಂತು ಕೈ ಬೀಸಿತು.

ಇಳಿದು ಹೋಗಬೇಕಿತ್ತು, ಅಷ್ಟೇ. ಆದರೆ ಇಳಿಯಬೇಕೆಂದರೆ ಮರೈಕೆಯನ್ನು ಕೂಗಿ ನಿಲ್ಲಿಸಿ, ‘ಒಬ್ಬ ವಯಸ್ಸಾದವರನ್ನು ಕೆಳಗೆ ಕೂರಿಸಿ ಬಂದಿದ್ದೇನೆ, ಬಸ್ಸು ತಪ್ಪುತ್ತದೆ’ ಎಂದು ಎಲ್ಲರೆದುರು ಹೇಳಬೇಕಿತ್ತು. ಅವಳ ನಾಲಿಗೆ ಏಳಲಿಲ್ಲ. ಓಣಿಯಲ್ಲಿ ಇಳಿದು ಹಳ್ಳಿಯ ಕೆಫೆಗೆ ಹೋಗಿ ಕೂರುತ್ತಾರೆ, ಬುದ್ಧಿವಂತರು, ಆಮೇಲೆ ನೋಡಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡಳು. ಆ ಹೆಂಗಸಿಗೆ ಇಲ್ಲಿನ ಭಾಷೆ ಬರುವುದಿಲ್ಲ, ಅವರ ಫೋನು ವೈಫೈ ಇಲ್ಲದೆ ನಡೆಯುವುದಿಲ್ಲ, ಅವರ ಬುತ್ತಿಯೂ ಮಾತ್ರೆಯೂ ತನ್ನ ಬೆನ್ನ ಮೇಲಿವೆ ಎಂಬುದೆಲ್ಲ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮುಖ ತಿರುಗಿಸಿ ಬಸ್ಸಿನ ಕಡೆ ನಡೆದಳು.

ಬಸ್ ಸ್ಟಾಪಿನಲ್ಲಿ ಪಟ್ಟಿ ಹಿಡಿದು ತಲೆ ಎಣಿಸಿದಳು. ಹನ್ನೊಂದಕ್ಕೆ ಹನ್ನೊಂದು! ಲೆಕ್ಕ ಸರಿಯಿದ್ದದ್ದು ನೋಡಿ ಅರೆ ಕ್ಷಣ ಅವಳಿಗೆ ಸಮಾಧಾನವೇ ಆಯಿತೆಂದರೆ ಮನುಷ್ಯರ ಮನಸ್ಸು ಎಂಥದ್ದೆಂದು ನೀವೇ ಯೋಚಿಸಿ. ತಂಡದ ಹಿಂದೆ ನಡೆಯುವ ಜವಾಬ್ದಾರಿ ಹೊತ್ತಿದ್ದ ಚಿರಂತನ ಅತ್ತಿತ್ತ ನೋಡಿ, “ಅಕ್ಕ, ಆಂಟಿ ಎಲ್ಲಿ? ಅವರನ್ನ ಕರ್ಕೊಂಡು ಬರೋಕೆ ನೀವು ಯಾರನ್ನೋ ಕಳಿಸಿದೀರಿ ಅಂದ್ಕೊಂಡೆ,” ಎಂದ.

“ಅಯ್ಯೋ!” ಎಂದು ಅಸ್ಮತ್ ಕೂಗಿದಳು. ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು. “ಅಯ್ಯೋ, ಮರೆತೇಬಿಟ್ನಲ್ಲೋ!”

ಮಾಡಿದ ತಪ್ಪು ಒಂದಾದರೆ ಈ ಕೂಗು ಇನ್ನೊಂದು. ಆಮೇಲಿನ ದಿನಗಳಲ್ಲಿ ಅವಳ ನಿದ್ದೆ ಕೆಡಿಸಿದ್ದು ಈ ಎರಡನೆಯದೇ.

ಓಡಿದಳು. ಯಾರನ್ನೂ ಜೊತೆಗೆ ಬರಗೊಡಲಿಲ್ಲ. ರಸ್ತೆ ಸುತ್ತಿಕೊಂಡು ಓಣಿಗೆ ಬಂದರೆ ಓಣಿಯೇ ಹಳ್ಳವಾಗಿತ್ತು, ಕೆಂಪು ರಾಡಿ ಮೀನಖಂಡದ ತನಕ. ಎರಡು ಸಲ ಬಿದ್ದಳು. ನಾಗಮಣಿ ಕೆಫೆಗೂ ಹೋಗಿರಲಿಲ್ಲ, ಎಲ್ಲಿಗೂ ಹೋಗಿರಲಿಲ್ಲ. ಇದೇ ದಾರೀಲಿ ಬರ್ತೀವಿ ಎಂದಿದ್ದಳಲ್ಲ, ಬೆಂಚಿನ ಮೇಲೆ ಕಾಲು ಮಡಚಿಕೊಂಡು ಕೂತೇ ಇದ್ದರು. ತುಟಿ ನೀಲಿಗಟ್ಟಿತ್ತು. ಅಸ್ಮತ್ ಬುತ್ತಿ ಬಿಚ್ಚಿ ಚಪಾತಿಯ ತುಂಡನ್ನು ಬಾಯಿಗಿಟ್ಟರೆ ಅಗಿಯಲಾರದೆ ಸುಮ್ಮನೆ ಹಿಡಿದುಕೊಂಡರು. ಗಂಟೆ ಮೂರು ಇಪ್ಪತ್ತು. ಅಸ್ಮತ್ ಅಳುತ್ತ ಅವರ ಅಂಗಾಲು ಉಜ್ಜಿದಳು. ನಾಗಮಣಿ ಅವಳ ಮುಖವನ್ನೇ ನೋಡುತ್ತಿದ್ದರು.

ಕೆಳಗೆ ಕೆಫೆಯಲ್ಲಿ, ಬಸ್ಸು ಬಿಟ್ಟು ಬಂದಿದ್ದ ಎಲ್ಲರೂ ಸುತ್ತುವರಿದಾಗ ಬಿಸಿ ಚಹಾದ ಲೋಟ ಹಿಡಿದು ನಾಗಮಣಿಯೇ ಮಾತು ಎತ್ತಿದರು. “ತಪ್ಪೆಲ್ಲ ನಂದೇ ಕಣ್ರಪ್ಪ. ನಾನೇ ಬರಲ್ಲ ಅಂತ ಕೂತ್ಕೊಂಡೆ. ಆಮೇಲೆ ದನ ನೋಡ್ತಾ ಆ ಕಡೆ ಹೋಗ್ಬಿಟ್ಟಿದ್ದೆ. ಈ ಮಗು ಎಷ್ಟು ಹುಡುಕ್ತೋ ಏನೋ.”

ಅಸ್ಮತ್ ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡಳು. ಮರೈಕೆ ಅವಳ ಪಕ್ಕ ಬಂದು ಮೆಲ್ಲಗೆ, “ಮೇಲೆಯೇ ಹೇಳಿದ್ದರೆ ಎಲ್ಲರೂ ಇದೇ ದಾರಿಯಲ್ಲಿ ಇಳಿಯುತ್ತಿದ್ದೆವಲ್ಲ, ಬಸ್ಸಿನದೇನು,” ಎಂದಳು. ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಸುಳ್ಳಿಗೆ ಒಮ್ಮೆ ಜಾಗ ಕೊಟ್ಟರೆ ಅದು ಬಾಡಿಗೆಗಿರುವುದಿಲ್ಲ, ಮನೆಯನ್ನೇ ಬರೆಸಿಕೊಳ್ಳುತ್ತದೆ. ನಾಗಮಣಿಯವರನ್ನು ತಬ್ಬಿ ನಡೆಸಿಕೊಂಡು ಬರುತ್ತಿದ್ದ ಅಸ್ಮತ್‌ಳ ಫೋಟೋವನ್ನು ಚಿರಂತನ ಅಂದೇ ವಾಟ್ಸಾಪಿಗೆ ಹಾಕಿದ: ‘ಲೀಡರ್ ಅಂದ್ರೆ ಹೀಗಿರಬೇಕು’. ಶ್ರಾವ್ಯ ಫೋನ್ ಮಾಡಿ ಅತ್ತಳು. “ಅಕ್ಕ, ನೀವಿಲ್ಲದಿದ್ರೆ ಏನಾಗ್ತಿತ್ತೋ.” ನಾಗಮಣಿ ಅಕ್ಟೋಬರಿನಲ್ಲಿ ಊರಿಗೆ ಹೋದರು. ನವೆಂಬರಿನ ರಾಜ್ಯೋತ್ಸವದಲ್ಲಿ ಅಸ್ಮತ್‌ಗೆ ಸನ್ಮಾನವೆಂದು ನಿರ್ಧಾರವಾಯಿತು. ಬೇಡ ಬೇಡ ಎಂದಳು, ಎಲ್ಲರೂ ಅದನ್ನು ವಿನಯ ಎಂದರು. ವೇದಿಕೆಗೆ ಕರೆದು ಪೇಟ ತೊಡಿಸಿ ಶಾಲು ಹೊದಿಸಿದರು. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ. ಆದರೂ ಅಸ್ಮತ್ ಶಾಲಿನ ಕೆಳಗೆ ಕೈ ಹಾಕಿ ಹೆಗಲು ಮುಟ್ಟಿ ನೋಡಿಕೊಂಡಳು. ಚಪ್ಪಾಳೆ ನಿಲ್ಲುವಂತೆಯೇ ಕಾಣಲಿಲ್ಲ.

ಮನೆಗೆ ಬಂದವಳು ಶಾಲನ್ನು ಕವರಿನಿಂದ ತೆಗೆಯಲಿಲ್ಲ. “ಕ್ಯಾ ಹುವಾ ಅಸ್ಮತ್? ದೋ ಮೈನೇ ಸೆ ಚುಪ್ ಹೈ ತು,” ಎಂದು ಅಕ್ಬರ್ ಕೇಳಿದ. ಎರಡು ತಿಂಗಳ ಮೌನ ಅಂದು ಒಡೆಯಿತು. ಮೊದಲು ಗಂಡನಿಗೆ ಹೇಳಿದಳು. ಅವನು, “ಮುಜೆ ನೈ, ಉನೋಂಕೊ ಬೋಲ್,” ಎಂದ. ಅವರಿಗೇ ಹೇಳು ಎಂದ ಮೇಲೆ ಬೇರೆ ದಾರಿಯಿರಲಿಲ್ಲ. ಮರುದಿನ ಬೆಳಿಗ್ಗೆ ಚಳ್ಳಕೆರೆಗೆ ಫೋನ್ ಮಾಡಿದಳು.

“ಆಂಟಿ, ಅವತ್ತು ನಾನು ಮರೆತಿರಲಿಲ್ಲ. ಮೇಲಿಂದ…”

“ಗೊತ್ತು ಕಣವ್ವ,” ಎಂದರು ನಾಗಮಣಿ. “ನೀನು ನೋಡ್ದಲ್ಲ, ನಾನೂ ನೋಡ್ದೆ. ಕೈ ಬೀಸ್ದೆ. ನೀನು ತಿರುಕ್ಕೊಂಡೆ.”

ಅಸ್ಮತ್ ಫೋನನ್ನು ಕಿವಿಗೊತ್ತಿಕೊಂಡಳು. “ಮತ್ತೆ ಯಾಕೆ ಸುಳ್ಳು ಹೇಳಿದ್ರಿ?”

“ಓಡಿ ಬಂದೆಯಲ್ಲ, ಆಗ ನಿನ್ನ ಮುಖ ನೋಡ್ದೆ. ಅಷ್ಟು ಜನದ ಮುಂದೆ ನಿನ್ನ ಮಾನ ತೆಗೀಬೇಕಾ ನಾನು? ಅಂಗನವಾಡೀಲಿ ಎಷ್ಟು ಮಕ್ಕಳನ್ನ ನೋಡಿಲ್ಲ.” ಆಮೇಲೆ ದನಿ ತಗ್ಗಿಸಿದರು. “ಅವರಿಗೆಲ್ಲ ಹೇಳಿದ್ದು ಹೋಗ್ಲಿ ಬಿಡು. ನನ್ನ ಮಗಳಿಗೆ ಅವಳು ಹುಟ್ಟಿದಾಗಿಂದ ನಾನು ಒಂದು ಸುಳ್ಳೂ ಹೇಳಿರಲಿಲ್ಲವ್ವ. ಅದೊಂದು ಮಾತ್ರ ನುಂಗಕ್ಕಾಗ್ತಿಲ್ಲ.”

ತಾನು ಹೊತ್ತದ್ದಕ್ಕಿಂತ ಹೆಚ್ಚಿನದನ್ನು ಆ ಹೆಂಗಸಿನ ತಲೆಗೆ ಕಟ್ಟಿ ಕಳಿಸಿದ್ದೆನೆಂದು ಅಸ್ಮತ್‌ಗೆ ಗೊತ್ತಾದದ್ದು ಆಗಲೇ. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಲ್ಯಾಬಿಗೆ ರಜೆ ಹೇಳಿ ಗ್ರೋನಿಂಗನ್ ರೈಲು ಹತ್ತಿದಳು.

ಶ್ರಾವ್ಯ ಬಾಗಿಲು ತೆರೆದವಳೇ, “ಅಕ್ಕಾ! ಒಂದು ಮೆಸೇಜ್ ಹಾಕೋದಲ್ವಾ, ಬನ್ನಿ ಬನ್ನಿ,” ಎಂದು ಕೈ ಹಿಡಿದಳು. ಅಸ್ಮತ್ ಕೂರಲಿಲ್ಲ. ಕೋಟು ಬಿಚ್ಚದೆ, ಬಾಗಿಲ ಬಳಿ ನಿಂತಂತೆಯೇ ಎಲ್ಲ ಹೇಳಿದಳು. ಬೆಂಚು, ಬೀಸಿದ ಕೈ, ತಿರುಗಿಸಿದ ಮುಖ, ಬಸ್ ಸ್ಟಾಪಿನ ನಾಟಕ. ಯಾವುದನ್ನೂ ಮೆದು ಮಾಡಲಿಲ್ಲ.

ಶ್ರಾವ್ಯಳ ಮುಖದ ನಗು ಎಲ್ಲಿ ಹೋಯಿತೋ. “ಎಷ್ಟು ಹೊತ್ತು ಕೂತಿದ್ಲು ಅಮ್ಮ?” ಎಂದಷ್ಟೇ ಕೇಳಿದಳು.

“ಎರಡು ಗಂಟೆ ಇಪ್ಪತ್ತು ನಿಮಿಷ.”

“ನನ್ನ ಹತ್ರ ಹತ್ತು ನಿಮಿಷ ಅಂದಿದ್ಲು.”

ಅವಳು ಬೆನ್ನು ತಿರುಗಿಸಿ ಫೋನ್ ಕೈಗೆತ್ತಿಕೊಂಡಳು. ಆ ಕಡೆಯಿಂದ ದನಿ ಬಂದೊಡನೆ, “ಅಮ್ಮಾ, ಊಟ ಆಯ್ತಾ?” ಎಂದವಳು ಬಿಕ್ಕಿದಳು. ಅಸ್ಮತ್ ಬಾಗಿಲ ಬಳಿಯೇ ನಿಂತಿದ್ದಳು. ಕೂತ್ಕೊಳ್ಳಿ ಎಂದು ಅವಳಿಗೆ ಯಾರೂ ಹೇಳಲಿಲ್ಲ, ಹೋಗಿ ಎಂದೂ ಹೇಳಲಿಲ್ಲ.