ಖಾಲಿ ಎಂದು ಬರೆದ ಜಗಲಿಗಳು

ಕೊರೊನಾದ ಗದ್ದಲ ಮುಗಿದ ಮರುವರ್ಷದ ಮಾತು. ನಾನು ಆಗಲೂ ಈಗಿನಂತೆಯೇ ಖಾಸಗಿ ಕನ್ಸಲ್ಟೆನ್ಸಿಯೊಂದರಲ್ಲಿ ಸಿವಿಲ್ ಎಂಜಿನಿಯರ್. ಊರು ಕೋಟೇಶ್ವರ, ವಯಸ್ಸು ನಲವತ್ತೇಳು, ಮುಖ್ಯ ಕಸುಬು ಹೆದರುವುದು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಎರಡೆರಡು ಸಲ ಮನೆಗೆ ಓಡಿದವನು. ಆನೆಗುಡ್ಡೆ ಗಣಪತಿಗೆ ಕೈ ಮುಗಿಯದೆ ಒಂದು ಡ್ರಾಯಿಂಗಿಗೂ ಸಹಿ ಹಾಕಿದವನಲ್ಲ. ಇಂಥವನ ಕೈಗೆ ಕುಂದಾಪುರದ ಹೊಳೆಬದಿಯ ಹಳೆಯ ಪೇಟೆ ಬೀದಿಯೊಂದನ್ನು ಉಳಿಸುವ ಕೆಲಸ ಬಂತು.

ಬೀದಿಯ ಒಂದು ಬದಿಗೆ ಸಾಲಾಗಿ ಹನ್ನೊಂದು ಹೆಂಚಿನ ಅಂಗಡಿಮನೆಗಳು. ಮುಂದೆ ಸೊಂಟದೆತ್ತರದ ಜಗಲಿ, ಮರದ ಕಂಬ, ಕೆಂಪು ಕಾವಿಯ ನೆಲ. ಇವನ್ನು ಕೆಡವದೆ ರಿಪೇರಿ ಮಾಡಬೇಕು, ಊರವರನ್ನು ಸೇರಿಸಿಕೊಂಡೇ ಮಾಡಬೇಕು ಎಂದು ಯೋಜನೆಯ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿತ್ತು. ನನಗೆ ನಿಜವಾಗಿ ಖುಷಿಯಾಗಿತ್ತು. ಇಪ್ಪತ್ತು ವರ್ಷ ಹಳೆಯದನ್ನೆಲ್ಲ ಒಡೆದು ಕಾಂಪ್ಲೆಕ್ಸ್ ಕಟ್ಟುವವರ ಹಿಂದೆ ಟೇಪು ಹಿಡಿದು ಓಡಾಡಿದವನಿಗೆ ಒಂದಾದರೂ ಉಳಿಸುವ ಕೆಲಸ ಸಿಕ್ಕಿತಲ್ಲ ಎಂದು.

ಸರ್ವೆಗೆ ನಾನು ಇಳಿದದ್ದು ಜೂನ್ ಕೊನೆಯಲ್ಲಿ. ಗೆದ್ದಲು, ಮಾಡಿನ ಮರದ ಪಕಾಸಿಯ ಬಿರುಕು, ನೀರಿನ ಓಟ ಎಲ್ಲಕ್ಕೂ ಹೆದರಿ ಮೂರು ಮೂರು ಸಲ ಅಳೆದೆ. ಪ್ರತಿಯೊಂದು ಜಾಗಕ್ಕೂ ನಮೂನೆಯಲ್ಲಿ ಎರಡು ಕಾಲಂ: ‘ಬಳಕೆಯಲ್ಲಿದೆ’, ‘ಖಾಲಿ’. ಮಳೆಗೆ ನೆನೆದ ಜಗಲಿಗಳ ಮೇಲೆ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಹನ್ನೊಂದಕ್ಕೂ ‘ಖಾಲಿ’ ಎಂದು ಟಿಕ್ ಹಾಕಿದೆ. ಕಡಲಕರೆಯಲ್ಲಿ ಹುಟ್ಟಿ ಬೆಳೆದು, ಜೂನ್-ಜುಲೈ ಎಂದರೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯದ ತಿಂಗಳು, ದಡದಲ್ಲಿ ಮೀನೇ ಕಡಿಮೆ ಎಂಬುದನ್ನು ಮರೆತ ಎಂಜಿನಿಯರ್ ನಾನೊಬ್ಬನೇ ಇರಬೇಕು. ನಮ್ಮ ಮನೆಯಲ್ಲೂ ಆ ತಿಂಗಳೆಲ್ಲ ಒಣಮೀನಿನ ಚಟ್ನಿಯೇ. ಆವತ್ತು ಮಧ್ಯಾಹ್ನ ಅದನ್ನೇ ತಿಂದು, ಬಂದು, ‘ಖಾಲಿ’ ಎಂದು ಬರೆದಿದ್ದೆ.

ಖಾಲಿ ಜಾಗವೆಂದ ಮೇಲೆ ಅಲಂಕಾರ ಬೇಡವೇ? ಜಗಲಿಯ ಅಂಚಿಗೆ ಉದ್ದಕ್ಕೂ ಕಬ್ಬಿಣದ ರೇಲಿಂಗ್, ಒಳಗೆ ಹೂಕುಂಡ, ಹಳೆಯ ಮಾದರಿಯ ದೀಪ. ಊರವರ ಸಭೆಯೂ ಆಯಿತು. ಒಂದು ಹೋಟೆಲ್ ಹಾಲಿನಲ್ಲಿ, ಬೆಳಿಗ್ಗೆ, ಉಪ್ಪಿಟ್ಟು-ಶೀರದ ಜೊತೆ. ಮನೆಗಳ ಮಾಲೀಕರು ಹಾಜರಿ ಪಟ್ಟಿಗೆ ಸಹಿ ಹಾಕಿದರು. ವರದಿಯಲ್ಲಿ ಆ ಹಾಜರಿಯೇ ಒಪ್ಪಿಗೆ ಪತ್ರವಾಯಿತು. ಆ ಪುಟವನ್ನು ಸ್ಕ್ಯಾನ್ ಮಾಡಿದ ಕೈ ನನ್ನದೇ.

ಮಳೆ ಬಿಟ್ಟ ಮೇಲೆ ಕೆಲಸ ಶುರು. ಮೊದಲ ದಿನವೇ ಕಂಟ್ರಾಕ್ಟರ್ ಫೋನ್ ಮಾಡಿದ: ಡ್ರಿಲ್ ಹಿಡಿಯಲು ಬಿಡುತ್ತಿಲ್ಲ, ಬನ್ನಿ. ಬೆಳಿಗ್ಗೆ ಏಳು ಗಂಟೆಗೆ ಹೋಗಿ ನೋಡಿದರೆ ನನ್ನ ಖಾಲಿ ಜಗಲಿಗಳ ತುಂಬ ಮೀನು ಮಾರುವ ಹೆಂಗಸರು. ಬುಟ್ಟಿಯಲ್ಲಿ ಬಂಗುಡೆ, ಬೂತಾಯಿ. ರಸ್ತೆಯಲ್ಲಿ ನಿಂತ ಗಿರಾಕಿಗಳು ಬಗ್ಗದೆ, ಕೆಸರು ತುಳಿಯದೆ ಆರಿಸುತ್ತಿದ್ದರು. ಅದಕ್ಕೇ ಆ ಜಗಲಿ ಸೊಂಟದೆತ್ತರ. ನಾನದನ್ನು ‘ಕರಾವಳಿ ವಾಸ್ತುವಿನ ಸೌಂದರ್ಯ’ ಎಂದು ವರದಿಯಲ್ಲಿ ವರ್ಣಿಸಿದ್ದೆ.

ನಡುವಿನ ಜಗಲಿಯಲ್ಲಿ ಗಿರಿಜಕ್ಕ. ಅರವತ್ತರ ಆಚೆಯ ಹೆಂಗಸು. ಅವಳ ಅತ್ತೆಯೂ ಅಲ್ಲೇ ಕೂತು ಮಾರಿದವಳು.

“ಹ್ವಾಯ್ ಇಂಜಿನಿಯರ್ರೆ, ಇದ್ ಎಂತ ಬೇಲಿ? ನಾವ್ ಎಲ್ಲ್ ಕೂಕಣ್ಕ್?”

ಸರ್ವೆಯ ದಿನ ಇಲ್ಲಿ ಯಾರೂ ಇರಲಿಲ್ಲ ಎಂದು ತೊದಲಿದೆ.

“ಯಾವಾಗ ಬಂದಿದ್ರಿ?”

“ಜೂನಲ್ಲಿ.”

ಅವಳು ಪಕ್ಕದವಳ ಮುಖ ನೋಡಿದಳು. “ಕೇಂಡ್ಯನೆ? ಬೋಟ್ ಮೇಲ್ ಹಾಕಿದ್ ತಿಂಗ್ಳಲ್ ಬಂದ್ ನಮ್ಮನ್ ಹುಡ್ಕಿರ್ ಅಂಬ್ರ್. ಇವ್ರ್ ನಮ್ಮೂರವ್ರಾ, ಘಟ್ಟದ್ ಮೇಲ್ನವ್ರಾ?”

ಗಿರಾಕಿಗಳೂ ನಕ್ಕರು. ನಾನೂ ನಕ್ಕೆ, ಅದು ಹೆದರಿಕೆಯ ನಗು.

ಆ ಮನೆಯ ಮಾಲೀಕರು ಬಳೆ ಅಂಗಡಿಯ ಶೇಷಣ್ಣಯ್ಯ. ಅವರು ಒಳಗೆ ಕರೆದು ಬೀದಿಯ ಕಟ್ಟಳೆ ವಿವರಿಸಿದರು. ಬೆಳಿಗ್ಗೆ ಒಂಬತ್ತೂವರೆಯವರೆಗೆ ಜಗಲಿ ಮೀನಿನವರದ್ದು. ಏಳುವ ಮುಂಚೆ ಹಿತ್ತಲಿನ ಬಾವಿಯಿಂದ ನೀರು ಸೇದಿ, ತೆಂಗಿನ ಸಿಪ್ಪೆಯಲ್ಲಿ ತಿಕ್ಕಿ ತೊಳೆದು ಕೊಡಬೇಕು. ಆಮೇಲೆ ಅಂಗಡಿಯ ಬಾಗಿಲು. ಬಾಡಿಗೆ ಇಲ್ಲ, ಕಾಗದ ಇಲ್ಲ, ಮೂರು ತಲೆಮಾರಿನಿಂದ ಜಗಳವೂ ಇಲ್ಲ. ಕಾವಿ ನೆಲ ಕನ್ನಡಿಯಂತೆ ಹೊಳೆಯುತ್ತಿದ್ದುದಕ್ಕೆ ಕಾರಣ ಆಗ ತಿಳಿಯಿತು. ‘ಮೂಲ ಪಾಲಿಶ್ ಸುಸ್ಥಿತಿಯಲ್ಲಿದೆ’ ಎಂದು ಬರೆದಿದ್ದೆನಲ್ಲ, ಆ ಪಾಲಿಶ್ ಈ ಹೆಂಗಸರ ರಟ್ಟೆಯದು.

“ಹಾಗಾದರೆ ಸಭೆಯಲ್ಲಿ ಸಹಿ ಯಾಕೆ ಹಾಕಿದಿರಿ?” ಎಂದೆ.

“ಉಪ್ಪಿಟ್ ತಿಂದದ್ದಕ್ಕೆ ಅಂದ್ಕಂಡಿದ್ದೆ ಮಾರಾಯ್ರೆ.”

ಆ ಸಂಜೆ ನಾನು ಒಂದು ಪುಟದ ಟಿಪ್ಪಣಿ ಬರೆದೆ. ಸರ್ವೆ ತಪ್ಪಾಗಿದೆ, ತಪ್ಪು ನನ್ನದು, ಜಗಲಿಗಳು ಬಳಕೆಯಲ್ಲಿವೆ, ರೇಲಿಂಗ್ ಕೈಬಿಡಬೇಕು. ಗಣಪತಿಗೆ ಕೈ ಮುಗಿದು ಸಹಿ ಹಾಕಿದೆ. ನಮ್ಮ ಪ್ರಾಜೆಕ್ಟ್ ಹೆಡ್ ಅದನ್ನು ಓದಿ ಮೇಜಿನ ಮೇಲೆ ಕವುಚಿ ಹಾಕಿದರು. ಮಂಜೂರಾದ ಡ್ರಾಯಿಂಗ್ ಈ ಹಂತದಲ್ಲಿ ಬದಲಾಗುವುದಿಲ್ಲ, ಮೀನಿನವರಿಗೆ ಬೇರೆ ಮಾರ್ಕೆಟ್ ಕಟ್ಟಡ ಇದೆಯಲ್ಲ ಎಂದರು. ಆಮೇಲೆ ಕೇಳಿದರು: “ಹೆರಿಟೇಜ್ ನೋಡಲು ಬಂದವರು ಮೀನಿನ ವಾಸನೆ ಕುಡಿಯಬೇಕೇನ್ರಿ?”

ಹೊಳೆಬದಿಯ ಪೇಟೆಯಲ್ಲಿ ಮೀನಿನ ವಾಸನೆಗಿಂತ ಹಳೆಯ ಹೆರಿಟೇಜ್ ಯಾವುದಿದೆ ಸ್ವಾಮಿ ಎಂದು ಕೇಳಬೇಕಿತ್ತು. ಇಂಥ ಉತ್ತರಗಳು ನನಗೆ ಹೊಳೆಯುವುದು ಬಸ್ಸಿನಲ್ಲಿ ಸೀಟು ಹಿಡಿದ ಮೇಲೆ. ಮಾಡಿದ್ದಿಷ್ಟೆ: ಮಾಲೀಕರು ಲಿಖಿತವಾಗಿ ಬೇಡವೆಂದರೆ ಅವರ ಜಗಲಿಗೆ ರೇಲಿಂಗ್ ಹಾಕುವಂತಿಲ್ಲ ಎಂಬ ಷರತ್ತು ಒಪ್ಪಂದದಲ್ಲೇ ಇತ್ತು, ಅದನ್ನು ಹುಡುಕಿ ತೆಗೆದು ಹನ್ನೊಂದು ಬಾಗಿಲೂ ತಟ್ಟಿದೆ. ಶೇಷಣ್ಣಯ್ಯ ಮೊದಲು ಬರೆದುಕೊಟ್ಟರು. ಇನ್ನು ಮೂವರು ಅವರ ಹಿಂದೆ ಬಂದರು. ಉಳಿದ ಏಳು ಮಂದಿಗೆ ಹೂಕುಂಡ ಚೆಂದ ಕಂಡಿತು. ಅವರಲ್ಲಿ ಇಬ್ಬರು ಮುಂಬೈಯಲ್ಲಿದ್ದಾರೆ, ಫೋನಿನಲ್ಲೇ ಹೇಳಿದರು. ಆ ಜಗಲಿಯಲ್ಲಿ ಯಾರು ಕೂತರೂ ಅವರ ಮೂಗಿಗೆ ತಾಗುವುದಿಲ್ಲ.

ಉದ್ಘಾಟನೆಯ ದಿನ ಬೀದಿಯ ಕೊನೆಯ ಗೋಡೆಯ ಮೇಲೆ ದೊಡ್ಡದೊಂದು ಚಿತ್ರ ಬರೆಸಿದ್ದರು. ಬುಟ್ಟಿ ಮುಂದಿಟ್ಟುಕೊಂಡು ನಗುತ್ತಿರುವ ಮೀನಿನ ಹೆಂಗಸು. ಅದರ ಮುಂದೆ ನಿಂತು ಎಲ್ಲರೂ ಫೋಟೋ ತೆಗೆಸಿಕೊಂಡರು. ರೇಲಿಂಗ್ ಬಿದ್ದ ಏಳು ಜಗಲಿಯವರೂ ಉಳಿದ ನಾಲ್ಕರಲ್ಲೇ ಮೊಣಕಾಲು ಮಡಚಿ ಕೂತಿದ್ದರು. ಇಬ್ಬರು ಜಾಗವಿಲ್ಲದೆ ಅಷ್ಟರಲ್ಲಾಗಲೇ ಬರುವುದನ್ನೇ ಬಿಟ್ಟಿದ್ದರು. ಗಿರಿಜಕ್ಕ ಚಿತ್ರವನ್ನು ಸುಮಾರು ಹೊತ್ತು ನೋಡಿದಳು.

“ಇವ್ಳ್ ಪುಣ್ಯ ಮಾಡಿದ್ಲ್ ಕಾಣಿ. ಬೆಳಿಗ್ಗಿಂದ್ ಬೈಸರಿ ತನಕ ಕೂತ್ರೂ ಯಾರೂ ಏಳ್ ಅಂಬುದಿಲ್ಲೆ.”

ಈಗ ರೇಲಿಂಗ್ ಹಾಕಿದ ಏಳು ಜಗಲಿಗಳನ್ನು ತಿಕ್ಕುವವರಿಲ್ಲದೆ ಕಾವಿ ಮಂಕಾಗಿದೆ. ಹೂಕುಂಡಗಳಲ್ಲಿ ಗುಟ್ಕಾ ಚೀಟಿ. ಕಳೆದ ವರ್ಷ ಅದರ ನಿರ್ವಹಣೆಯ ವರದಿಯನ್ನೂ ನನ್ನ ಕೈಯಲ್ಲೇ ಬರೆಸಿದರು. ಹಳೆಯ ನಮೂನೆ, ಅವೇ ಎರಡು ಕಾಲಂ. ಈ ಬಾರಿ ಆ ಏಳಕ್ಕೆ ‘ಖಾಲಿ’ ಎಂದು ಟಿಕ್ ಹಾಕಿದೆ, ಮತ್ತು ಅದು ಸುಳ್ಳಾಗಿರಲಿಲ್ಲ. ನಾನು ಬರೆದದ್ದನ್ನು ನಾವೆಲ್ಲ ಸೇರಿ ನಿಜ ಮಾಡಿದ್ದೆವು.

ಒಂದು ಜಾಗವನ್ನು ಖಾಲಿ ಎನ್ನುವ ಮೊದಲು ಯಾವ ತಿಂಗಳು, ಯಾವ ಹೊತ್ತು, ಈಗ ಇಲ್ಲಿ ಇಲ್ಲದವರು ಯಾರು ಎಂದು ಕೇಳಬೇಕು. ಇಷ್ಟು ಕಲಿಯಲು ನನಗೆ ಇಪ್ಪತ್ತು ವರ್ಷ ಹಿಡಿಯಿತು. ಅದರ ಖರ್ಚು ಬಿದ್ದದ್ದು ಬೇರೆಯವರ ಮೇಲೆ. ಈಗ ಪ್ರತಿ ಸರ್ವೆಯಲ್ಲೂ ನಮೂನೆಯ ಅಂಚಿನಲ್ಲಿ ಆ ಮೂರು ಪ್ರಶ್ನೆಗೂ ಉತ್ತರ ಬರೆಯುತ್ತೇನೆ. ಮೊದಮೊದಲು ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ, ಆಫೀಸಿನಲ್ಲಿ ಅಳಿಸುತ್ತಿದ್ದರು. ಈಗ ಪೆನ್ನಿನಲ್ಲಿ ಬರೆಯುತ್ತೇನೆ.