ಶಾಂತಕ್ಕ ಕಳಿಸಿದ ವರದಿ

ಶಾಂತಕ್ಕಾ, ಆ ವರದಿಯನ್ನು ನೀವು ಕಳಿಸಿದ್ದಿರಿ. ಅದನ್ನು ಕಳೆದದ್ದು ನಾನು ಕೂರಿಸಿದ ವ್ಯವಸ್ಥೆ. ಗೊತ್ತಿದ್ದೂ ತಪ್ಪನ್ನು ನಿಮ್ಮ ತಲೆಗೆ ಕಟ್ಟಿದವನು ನಾನು.

ಚನ್ನಗಿರಿಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನೀವು ಟೆಕ್ನಿಷಿಯನ್, ಕಂಪ್ಯೂಟರಿನ ಕೆಲಸ ನನ್ನದು. ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಪರೀಕ್ಷೆಗೆ ರಕ್ತ ತೆಗೆದು ನಮಗೆ ಕಳಿಸುವ ಕೇಂದ್ರಗಳಿದ್ದವು. ಲ್ಯಾಬಿನ ತಂತ್ರಾಂಶದಿಂದ ಕೇಂದ್ರಗಳ ತಂತ್ರಾಂಶಕ್ಕೆ ವರದಿ ಮುಟ್ಟಿಸಲು ನಡುವೆ ಒಂದು ಮಿಡಲ್‌ವೇರ್ ಬೇಕಿತ್ತು, ಆರಿಸಬೇಕಾದವನು ನಾನೇ. ಎರಡು ಬಗೆಯವಿದ್ದವು. ಒಂದು, ಆ ಕಡೆಯಿಂದ ‘ತಲುಪಿತು’ ಎಂಬ ಉತ್ತರ ಬರುವವರೆಗೂ ವರದಿಯನ್ನು ಇಟ್ಟುಕೊಂಡು ಮತ್ತೆ ಮತ್ತೆ ಕಳಿಸುವಂಥದು. ಇನ್ನೊಂದು, ಒಮ್ಮೆ ಕಳಿಸಿ ಮರೆತುಬಿಡುವಂಥದು. ಮೊದಲನೆಯದನ್ನು ಹೊಸದಾಗಿ ಕಲಿಯಬೇಕಿತ್ತು. ಎರಡನೆಯದು ನನಗೆ ಮೊದಲೇ ಗೊತ್ತಿತ್ತು — ಅದನ್ನೇ ಹಾಕಿದೆ.

ನೀವು ಅವತ್ತೇ ಕೇಳಿದ್ದಿರಿ: “ಆ ಕಡೆ ನೆಟ್ ಇಲ್ದಿದ್ರೆ ಹೆಂಗೆ ಸಾರ್?”

“ಹಂಗೆಲ್ಲ ಆಗಲ್ಲ ಬಿಡಕ್ಕ” ಎಂದು ನಕ್ಕಿದ್ದೆ.

ಆಯಿತು. ಜಗಳೂರಿನ ಹತ್ತಿರದ ಸೊಕ್ಕೆಯ ಒಬ್ಬ ಗರ್ಭಿಣಿಗೆ ರಕ್ತ ತೀರಾ ಕಡಿಮೆಯಿತ್ತು. ನೀವು ವರದಿ ಕಳಿಸಿದ ಹೊತ್ತಿಗೆ ಜಗಳೂರಿನಲ್ಲಿ ನೆಟ್ ಹೋಗಿತ್ತು. ನಿಮ್ಮ ಪರದೆಯ ಮೇಲೆ ಮಾತ್ರ ‘ಕಳಿಸಲಾಗಿದೆ’ ಎಂದೇ ಮೂಡಿತು. ತೊಂದರೆಯಿದ್ದರೆ ಫೋನ್ ಮಾಡುತ್ತೇವೆ ಎಂದಿದ್ದರು ಕೇಂದ್ರದವರು. ಫೋನ್ ಬರಲಿಲ್ಲವೆಂದು ಆಕೆ ನೆಮ್ಮದಿಯಾಗಿದ್ದಳು. ಹೆರಿಗೆಯಲ್ಲಿ ಆಕೆ ಹೇಗೋ ಉಳಿದಳು. ಮಗು —

ಲ್ಯಾಬಿನ ಮಾಲೀಕರು ನಮ್ಮಿಬ್ಬರನ್ನೂ ಕರೆಸಿದರು. “ನಾನು ಕಳಿಸಿದೀನಿ ಸಾರ್, ನಂಗೆ ಚೆನ್ನಾಗಿ ನೆನಪೈತೆ” ಎಂದಿರಿ ನೀವು.

ಅವರು ನನ್ನತ್ತ ತಿರುಗಿದರು. “ಏನ್ರೀ, ನಿಮ್ಮ ಸಿಸ್ಟಮ್ಮಿನಾಗೆ ಏನಾರ ತಪ್ಪೈತಾ?”

“ಇಲ್ಲ ಸಾರ್. ಕಳಿಸಿದ್ರೆ ಹೋಗೇ ಹೋಗ್ತಿತ್ತು.”

ಆ ಮಾತಿಗೆ ಮುಂಚೆಯೇ ನಾನು ಕಳಿಸಿದ್ದೆಲ್ಲ ದಾಖಲಾಗುವ ಲಾಗ್ ಫೈಲ್ ತೆರೆದಿದ್ದೆ. ನೀವು ಕಳಿಸಿದ ಗುರುತು ಅದರಲ್ಲಿತ್ತು. ಓದಿದ್ದೆ — ಅಳಿಸಿದ್ದೆ.

ನೀವು ನನ್ನ ಮುಖವನ್ನೇ ನೋಡಿದಿರಿ. ಮಾಲೀಕರು ಅಲ್ಲೇ ನಿಮ್ಮನ್ನು ಕೆಲಸದಿಂದ ತೆಗೆದರು; ಬಿಳಿ ಕೋಟು ಮಡಿಸಿಟ್ಟು ಊರಿಗೆಂದು ನ್ಯಾಮತಿಯ ಬಸ್ಸಿಗೆ ಹೋದಿರಿ. ಆಮೇಲೆ ಯಾವ ಲ್ಯಾಬೂ ನಿಮ್ಮನ್ನು ಸೇರಿಸಿಕೊಳ್ಳಲಿಲ್ಲವಂತೆ. ಸೊಕ್ಕೆಯ ಆ ಮನೆಯವರು ಇಂದಿಗೂ ಶಪಿಸುವುದು ನಿಮ್ಮನ್ನೇ.

ನೀವು ಹೋದ ಮರುವಾರ ಆ ಇನ್ನೊಂದು ಮಿಡಲ್‌ವೇರನ್ನು ಸದ್ದಿಲ್ಲದೆ ಹಾಕಿದೆ. ಕಲಿಯಲು ಹಿಡಿದದ್ದು ನಾಲ್ಕೇ ದಿನ, ಅಕ್ಕ... ನಾಲ್ಕು ದಿನ.

ಕ್ಷಮಿಸಿ ಎಂದು ಕೇಳಲಾರೆ. ಇದನ್ನೆಲ್ಲ ಬರೆದು ಸಹಿ ಹಾಕಿ ಇಂದು ಬೆಳಿಗ್ಗೆ ಮಾಲೀಕರ ಕೈಗೆ ಕೊಟ್ಟಿದ್ದೇನೆ. ನಾಳೆ ಸೊಕ್ಕೆಗೆ ಹೋಗುತ್ತೇನೆ. ಆ ತಾಯಿಯ ಮುಂದೆ ನಿಂತು, ತಪ್ಪು ಶಾಂತಕ್ಕನದಲ್ಲ, ನನ್ನದು ಎಂದು ಹೇಳಬೇಕು. ಆಮೇಲೆ ಆಕೆ ಏನಂದರೂ ಕೇಳಿಸಿಕೊಳ್ಳಬೇಕು.