ಅಮ್ಮನ ಹೊಲಿಗೆ ಕೋಣೆಯ ನಕ್ಷೆ

ಸಹಕಾರನಗರದ ನಮ್ಮ ಮನೆಯ ಮೇಲೆ ಇನ್ನೊಂದು ಮಹಡಿ ಕಟ್ಟುವ ಮಾತು ಬಂದಾಗ ಅಮ್ಮ ಕೇಳಿದ್ದು ಒಂದೇ: ಹೊಲಿಗೆ ಮಿಷನ್ನಿಗೊಂದು ಕೋಣೆ. ಮಿಷನ್ ಮೊದಲಿನಿಂದಲೂ ಊಟದ ಮೇಜಿನ ಪಕ್ಕದಲ್ಲಿತ್ತು. ಸಾರು ಬೀಳದಂತೆ ಬ್ಲೌಸ್ ಹೊಲಿದು ಕೊಡುವುದು ಅವಳಿಗೆ ಸಾಹಸವಾಗಿತ್ತು. ಅಪ್ಪ ಜಾಗವಿಲ್ಲ ಎಂದರು. ಅಳೆದು ತೋರಿಸುತ್ತೇನೆಂದು ನಾನು, ಇತಿಹಾಸದ ಎಂ.ಎ., ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವುದನ್ನು ಕಲಿಸುವ ಕ್ಯಾಡ್ ತರಗತಿಗೆ ಸೇರಿದೆ.

ತರಗತಿ ಕೊಡಿಗೇಹಳ್ಳಿಯ ಬೇಕರಿಯೊಂದರ ಮೇಲಿತ್ತು. ಬೆಣ್ಣೆ ಬಿಸ್ಕತ್ತಿನ ವಾಸನೆ ಬರುತ್ತಿತ್ತು ಎಂದು ಬರೆಯಹೊರಟೆ. ಬೇಕರಿ ಆಗಲೇ ಮುಚ್ಚಿತ್ತು ಎನ್ನುತ್ತಾಳೆ ಅಮ್ಮ.

ಮೊದಲ ಪಾಠ ಗೆರೆ. ನಮ್ಮದೂ ಎಲ್ಲರಂತೆ ಥರ್ಟಿ ಫಾರ್ಟಿ ಸೈಟು. ಮೂವತ್ತು, ನಲವತ್ತು ಎಂದು ಒತ್ತಿದೆ. ಆಯತ ಬಂತು. ಸಿದ್ಧ ಚಿತ್ರಗಳಿಂದ ಒಂದು ಬಾಗಿಲು ತಂದಿಟ್ಟೆ. ಬಾಗಿಲು ಪರದೆ ತುಂಬಿತು. ಮನೆ ಅದರ ಮೂಲೆಯಲ್ಲಿ ಚುಕ್ಕೆಯಾಯಿತು.

"ಬಾಗ್ಲಾ ಭಾರಿ ಐತ್ರಿ ಮೇಡಂ. ಮನಿ ಎಲ್ಲೈತಿ?" ಎಂದರು ಗದಗದ ಕಡೆಯ ಮೇಷ್ಟ್ರು. "ಇಲ್ಲಿ ಮಿಲಿಮೀಟರ್ ಲೆಕ್ಕರೀ. ನೀವು ಇರುವಿಗೆ ಸೈಟ್ ಕೊಟ್ಟೀರಿ."

ಅಳತೆಯನ್ನು ಅಡಿಗೆ ಬದಲಿಸಿ ಮತ್ತೆ ಬರೆದೆ. ಮೆಟ್ಟಿಲಿಗೂ ಬಾಲ್ಕನಿಗೂ ನಡುವೆ ನಾಲ್ಕಡಿ ಅಗಲದ ಕೋಣೆ ಸಿಕ್ಕಿತು. ಮನೆಗೆ ಹೋಗಿ ಅಮ್ಮನಿಗೆ ಹೇಳಿಯೂ ಬಿಟ್ಟೆ. ಮುಂದಿನ ಪಾಠ ಗೋಡೆಗೆ ದಪ್ಪ ಕೊಡುವುದು. ಅಲ್ಲಿಯವರೆಗೆ ನನ್ನ ಗೋಡೆಗಳು ಬರೀ ಗೆರೆಗಳಾಗಿದ್ದವು. ಎರಡೂ ಕಡೆ ಆರಾರು ಇಂಚು ಒಳಗೆ ಬಂದವು. ಈಗ ಮಿಷನ್ ಹಿಡಿಯುತ್ತಿತ್ತು, ಅಮ್ಮ ಹಿಡಿಯುತ್ತಿರಲಿಲ್ಲ.

ಕೋಣೆ ಇಲ್ಲವೆಂದು ಅವಳಿಗೆ ಹೇಳುವ ಬದಲು ಬಾಲ್ಕನಿಯನ್ನು ಅಳಿಸಿದೆ. ಒಂದು ಗುಂಡಿ ಒತ್ತಿದರೆ ಸಾಕು. ಗೋಡೆಯನ್ನು ಆಚೆಗೆ ಸರಿಸಿ, ಪ್ರಿಂಟ್ ತೆಗೆದು ಅಪ್ಪನ ಮುಂದಿಟ್ಟೆ.

"ಬಾಲ್ಕನಿ ಎಲ್ಲಮ್ಮಾ? ನಾನು ಪೇಪರ್ ಎಲ್ಲಿ ಕೂತ್ಕೊಂಡು ಓದ್ಲಿ?"

"ಹೊಲ್ಗೆ ರೂಮಲ್ಲೇ ಓದ್ರೀ," ಎಂದಳು ಅಮ್ಮ, ನಕ್ಷೆಯನ್ನು ತನ್ನ ಕಡೆಗೆ ಎಳೆದುಕೊಂಡು. "ನಾನ್ ಅಡ್ಗೆ ಮಾಡೋವಾಗ ಹೆಂಗೂ ಖಾಲಿ ಇರತ್ತಲ್ಲ."

ಅಪ್ಪ ಬಹಳ ಹೊತ್ತು ನಕ್ಷೆ ನೋಡಿದರು. ತಲೆಕೆಳಗಾಗಿ ನೋಡುತ್ತಿದ್ದರು ಎಂದು ನನ್ನ ನೆನಪು, ಖಚಿತವಿಲ್ಲ. ಕೊನೆಗೆ, "ಕಿಟಕಿ ದೊಡ್ಡದಿಡ್ಸು," ಎಂದರು.

ಕೋಣೆ ಎದ್ದಿದೆ. ಬಾಲ್ಕನಿ ಬಿಟ್ಟುಕೊಡುವ ಯೋಚನೆ ತಮ್ಮದೇ ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಾರೆ. ಕೇಳಿ ಕೇಳಿ ನನಗೂ ಹಾಗೇ ನೆನಪಾಗತೊಡಗಿದೆ. ಅಮ್ಮ ಮಾತ್ರ ಅವರು ಆ ಮಾತು ಎತ್ತಿದಾಗಲೆಲ್ಲ ಮಿಷನ್ನನ್ನು ಸ್ವಲ್ಪ ಜೋರಾಗಿ ತುಳಿಯುತ್ತಾಳೆ.